ಶೆಡ್ಡಿನ ಆರು ದೀಪಕ್ಕೆ ಬ್ಯಾಟರಿ ಬ್ಯಾಕಪ್, ಗೇಟಿನಿಂದ ಕಂಟ್ರೋಲ್: ಕಟ್ಟಿದ್ದು, ಕೆಟ್ಟಿದ್ದು, ಮತ್ತೆ ಕಟ್ಟಿದ್ದು

ಕರೆಂಟ್ ಹೋದ ಕೂಡಲೇ ಗ್ರೈಂಡರ್ ಕಲ್ಲು ನಿಲ್ಲುವುದಿಲ್ಲ. ಮೋಟಾರಿಗೆ ವಿದ್ಯುತ್ ಇಲ್ಲದಿದ್ದರೂ ಹಿಂದಿನ ವೇಗದ ರಭಸದಲ್ಲೇ ಇನ್ನೂ ಅರ್ಧ ನಿಮಿಷ, ದೊಡ್ಡ ಕಲ್ಲಾದರೆ ಅದಕ್ಕಿಂತ ಜಾಸ್ತಿ ಹೊತ್ತು ತಿರುಗುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ಶೆಡ್ ಪೂರ್ತಿ ಕತ್ತಲಾಗಿದ್ದರೆ ಅದರ ಮುಂದೆ ನಿಂತವನ ಕೈ ಎಲ್ಲಿದೆ ಅಂತ ಅವನಿಗೇ ಗೊತ್ತಾಗುವುದಿಲ್ಲ. ಒಂದು ಸಂಜೆ ಹೀಗೇ ಆಯಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ಎಲ್ಲರೂ ಫೋನಿನ ಟಾರ್ಚ್ ಹಿಡಿದು ಹೊರಗೆ ಬಂದ ಮೇಲೆ ನನಗೆ ನಿದ್ದೆ ಬರಲಿಲ್ಲ.

ಶೆಡ್ 40 ಮೀಟರ್ ಉದ್ದ, 25 ಮೀಟರ್ ಅಗಲ. 9 ಮೀಟರ್ ಎತ್ತರದಲ್ಲಿ 150 ವ್ಯಾಟ್‌ನ 24 ಎಲ್ಇಡಿ ಹೈಬೇ ದೀಪಗಳಿವೆ (ಎತ್ತರದ ಚಾವಣಿಗೆ ಹಾಕುವ ಜಾತಿ), ಮೂರು ಫೇಸಿಗೆ ತಲಾ ಎಂಟರಂತೆ. ಮುಂಚೆ ಮೆಟಲ್ ಹಾಲೈಡ್ ಅನ್ನುವ ಹಳೇ ಜಾತಿಯ ದೀಪ ಇದ್ದವು. ಆಗ ವೋಲ್ಟೇಜ್ ಒಂದು ಕ್ಷಣ ಕುಸಿದರೂ ದೀಪ ಆರಿ, ತಣ್ಣಗಾಗಿ ಮತ್ತೆ ಹತ್ತಲು ಹತ್ತು ನಿಮಿಷ ಹಿಡಿಯುತ್ತಿತ್ತು. ಎಲ್ಇಡಿ ಬಂದ ಮೇಲೆ ಕರೆಂಟ್ ಬಂದ ಕೂಡಲೇ ಬೆಳಕು. ಅದರಿಂದಲೇ ಇರಬೇಕು, ಬ್ಯಾಕಪ್ ವಿಷಯ ಎಲ್ಲರಿಗೂ ಮರೆತೇ ಹೋಗಿತ್ತು.

ಎಷ್ಟು ಬೆಳಕು ಬೇಕು ಅನ್ನುವುದು ಮೊದಲ ಪ್ರಶ್ನೆ. ಎಮರ್ಜೆನ್ಸಿ ಬೆಳಕಿನ ಬಗ್ಗೆ ಯುರೋಪಿನ ಮಾನದಂಡ ಇಎನ್ 1838 ಹೇಳುವ ಲೆಕ್ಕ ಕೆಲಸಕ್ಕೆ ಬರುತ್ತದೆ. ಹೊರಗೆ ಹೋಗುವ ದಾರಿಯಲ್ಲಿ ಕನಿಷ್ಠ 1 ಲಕ್ಸ್ (ನೆಲದ ಮೇಲೆ ಬೀಳುವ ಬೆಳಕಿನ ಅಳತೆ), ತೆರೆದ ಜಾಗದಲ್ಲಿ 0.5 ಲಕ್ಸ್. ಅದರಲ್ಲಿ ಅರ್ಧ 5 ಸೆಕೆಂಡಿನೊಳಗೆ ಬರಬೇಕು, ಪೂರ್ತಿ 60 ಸೆಕೆಂಡಿನೊಳಗೆ. ಆದರೆ ಅಪಾಯದ ಕೆಲಸ ನಡೆಯುವ ಜಾಗಕ್ಕೆ ಬೇರೆ ಲೆಕ್ಕ: ಮಾಮೂಲಿ ಬೆಳಕಿನ ಹತ್ತನೇ ಒಂದು ಪಾಲು, ಹೇಗಿದ್ದರೂ 15 ಲಕ್ಸ್‌ಗಿಂತ ಕಮ್ಮಿ ಆಗಬಾರದು, ಅದೂ ಅರ್ಧ ಸೆಕೆಂಡಿನಲ್ಲಿ. ನಿಮ್ಮಲ್ಲಿ ಯಾವ ನಿಯಮವೋ ಅದನ್ನು ನೋಡಿಕೊಳ್ಳಿ. ನನಗೆ ಇದರಿಂದ ಒಂದು ವಿಷಯ ಸ್ಪಷ್ಟವಾಯಿತು. ಗ್ರೈಂಡರ್ ಮತ್ತು ಲೇತ್ ಇರುವ ಮೂಲೆಗೆ ಒಂದು ವ್ಯವಸ್ಥೆ, ಉಳಿದ ಶೆಡ್‌ಗೆ ಇನ್ನೊಂದು.

ದೀಪಕ್ಕೊಂದು ಬ್ಯಾಟರಿ ಇರುವ ರೆಡಿಮೇಡ್ ಎಮರ್ಜೆನ್ಸಿ ಕಿಟ್ ಹಾಕಿ ಮುಗಿಸಬಹುದಿತ್ತು. ಆಫೀಸು, ಕಾರಿಡಾರ್‌ಗೆ ಅದೇ ಸರಿ. ಆದರೆ ಇಲ್ಲಿ ತಗಡಿನ ಚಾವಣಿ. ಮಧ್ಯಾಹ್ನ ಮೇಲೆ ಥರ್ಮಾಮೀಟರ್ ಕಟ್ಟಿ ನೋಡಿದೆ, 56 ಡಿಗ್ರಿ. ಅಷ್ಟು ಬಿಸಿಯಲ್ಲಿ ಯಾವ ಬ್ಯಾಟರಿಯೂ ಹೆಚ್ಚು ದಿನ ಬಾಳುವುದಿಲ್ಲ. ಬದಲಾಯಿಸಬೇಕೆಂದರೆ ಪ್ರತಿ ಸಲ ಸಿಸರ್ ಲಿಫ್ಟ್ ತರಿಸಬೇಕು, ಕೆಳಗಿನ ಮೆಷಿನ್ ನಿಲ್ಲಿಸಬೇಕು. ಬೇಡ ಅನ್ನಿಸಿತು. ಬ್ಯಾಟರಿ ಕೆಳಗೆ ಪ್ಯಾನೆಲ್ ರೂಮಿನಲ್ಲಿ ತಣ್ಣಗಿರಲಿ, ಅಲ್ಲಿಂದ ಇನ್ವರ್ಟರ್ ಮೂಲಕ 24ರಲ್ಲಿ ಆರು ದೀಪಕ್ಕೆ ಮಾತ್ರ ಕೊಡೋಣ ಅಂತ ತೀರ್ಮಾನ ಮಾಡಿದೆ. ಫೇಸಿಗೆ ಎರಡು ದೀಪ, ಹೀಗೆ ಮೂರು ಗುಂಪು. ಇನ್ವರ್ಟರಿನಿಂದ ಹೋಗುವ ಕೇಬಲ್‌ಗಳು ಬೆಂಕಿ ತಡೆಯುವ ಜಾತಿಯವು, ಬೇರೆ ದಾರಿಯಲ್ಲಿ ಎಳೆದದ್ದು. ಮಾಮೂಲಿ ಟ್ರೇಗೇ ಬೆಂಕಿ ಬಿದ್ದರೆ ಎರಡೂ ಒಟ್ಟಿಗೆ ಹೋಗಬಾರದಲ್ಲ.

ಆರು ದೀಪ ಪೂರ್ತಿ ಉರಿದರೆ 900 ವ್ಯಾಟ್. ಅಷ್ಟು ಬೇಕಾಗಿಲ್ಲ. ನಮ್ಮ ಡ್ರೈವರ್‌ಗಳಲ್ಲಿ (ದೀಪದೊಳಗೆ ಎಲ್ಇಡಿಗೆ ಕರೆಂಟ್ ಕೊಡುವ ಪೆಟ್ಟಿಗೆಗಳಲ್ಲಿ) ಬೆಳಕು ಏರಿಸಿ ಇಳಿಸುವ 0-10 ವೋಲ್ಟ್ ಡಿಮ್ಮಿಂಗ್ ವೈರ್ ಇದೆ. 20 ಶೇಕಡಕ್ಕೆ ಇಳಿಸಿ ಅಳೆದರೆ ಒಂದೊಂದು 36 ವ್ಯಾಟ್ ಎಳೆಯಿತು. 150ರ 20 ಶೇಕಡ 30 ಆಗಬೇಕಲ್ವಾ ಅಂದರೆ, ಕಮ್ಮಿ ಲೋಡಿನಲ್ಲಿ ಡ್ರೈವರ್‌ನ ದಕ್ಷತೆಯೂ ಕುಸಿಯುತ್ತದೆ. ಆರಕ್ಕೆ 216 ವ್ಯಾಟ್, ಇನ್ವರ್ಟರಿನ ನಷ್ಟ ಸೇರಿಸಿ ಬ್ಯಾಟರಿಯಿಂದ ಸುಮಾರು 245. ಮೆಷಿನ್ ಮೂಲೆಯ ಬೇರೆ ದೀಪಗಳಿಗೆ (ಅದು ಮುಂದೆ ಬರುತ್ತದೆ) ಇನ್ನೊಂದು 40. ಒಟ್ಟು 285 ವ್ಯಾಟ್, 3 ಗಂಟೆಗೆ 855 ವ್ಯಾಟ್-ಅವರ್.

ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟ್, 8 ಸೆಲ್ ಸರಣಿಯಲ್ಲಿ, 25.6 ವೋಲ್ಟ್ 50 ಆಂಪಿಯರ್-ಅವರ್, ಅಂದರೆ 1280 ವ್ಯಾಟ್-ಅವರ್. ಹಳತಾಗಿ 80 ಶೇಕಡಕ್ಕೆ ಇಳಿದರೂ, ಅದರಲ್ಲೂ ಕೊನೆಯ 10 ಶೇಕಡ ಮುಟ್ಟದೆ ಬಿಟ್ಟರೂ 920ರ ಹತ್ತಿರ ಉಳಿಯುತ್ತದೆ. ಸಾಕು. ಫ್ಲೋಟ್ (ಬ್ಯಾಟರಿ ತುಂಬಿದ ಮೇಲೆ ಚಾರ್ಜರ್ ಹಿಡಿದಿಡುವ ವೋಲ್ಟೇಜ್) 27.2 ವೋಲ್ಟ್‌ಗೆ ಇಟ್ಟೆ, ಸೆಲ್‌ಗೆ 3.4. ವರ್ಷಪೂರ್ತಿ ಗರಿಷ್ಠವಾದ 3.65ರಲ್ಲಿ ಕೂರಿಸಿದರೆ ಸೆಲ್ ಬೇಗ ಮುದಿಯಾಗುತ್ತದೆ. ಪ್ಲಸ್ ಟರ್ಮಿನಲ್ ಪಕ್ಕದಲ್ಲೇ 80 ಆಂಪಿಯರ್ ಡಿಸಿ ಫ್ಯೂಸ್. ಇಲ್ಲಿ ಮನೆಯ ಎಸಿ ಎಂಸಿಬಿ (ಹೆಚ್ಚು ಕರೆಂಟ್ ಹರಿದರೆ ತಾನೇ ಬೀಳುವ ಸ್ವಿಚ್) ಹಾಕುವ ಆಸೆ ಬೇಡ. ಎಸಿಯಲ್ಲಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುವುದರಿಂದ ಕಿಡಿ ತಾನೇ ಆರುತ್ತದೆ, ಡಿಸಿಯಲ್ಲಿ ಆ ಸೊನ್ನೆಯೇ ಇಲ್ಲ, ಕಿಡಿ ಎಳೆದುಕೊಂಡು ಉರಿಯುತ್ತಲೇ ಇರುತ್ತದೆ.

ಈಗ ಡಿಮ್ಮಿಂಗ್ ವಿಷಯಕ್ಕೆ ಬರೋಣ, ಏಕೆಂದರೆ ನನ್ನ ಅರ್ಧ ಸಮಯ ಹೋದದ್ದು ಇಲ್ಲೇ.

ಈ ಡ್ರೈವರ್‌ನ ಡಿಮ್ ವೈರ್‌ಗಳಿಂದ ಸುಮಾರು 100 ಮೈಕ್ರೋಆಂಪಿಯರ್ ಹೊರಗೆ ಬರುತ್ತದೆ. ಅದಕ್ಕೆ ಅಡ್ಡಲಾಗಿ 100 ಕಿಲೋಓಮ್ ಹಾಕಿದರೆ 10 ವೋಲ್ಟ್ ನಿಲ್ಲುತ್ತದೆ, ಪೂರ್ತಿ ಬೆಳಕು. 20 ಕಿಲೋಓಮ್ ಹಾಕಿದರೆ 2 ವೋಲ್ಟ್, 20 ಶೇಕಡ ಬೆಳಕು. ಏನೂ ಹಾಕದೆ ಬಿಟ್ಟರೆ ಪೂರ್ತಿ ಬೆಳಕು. ಸರಿ, ಪ್ಯಾನೆಲ್‌ನಲ್ಲಿ ಒಂದು ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಇಟ್ಟು, ಕರೆಂಟ್ ಹೋದಾಗ ಅದು ರೆಸಿಸ್ಟರ್ ಜೋಡಿಸಲಿ ಅಂತ ಮಾಡಿದೆ. ಗುಂಪಿನಲ್ಲಿ ಎರಡು ಡ್ರೈವರ್ ಪಕ್ಕಪಕ್ಕ ಸೇರುವುದರಿಂದ 20ರ ಬದಲು 10 ಕಿಲೋಓಮ್. ಕೆಲಸ ಮಾಡಿತು. ಖುಷಿಯಾಯಿತು.

ಮಾರನೇ ದಿನ ಕೇಬಲ್ ಕಟ್ಟುವಾಗ ಒಂದು ಡಿಮ್ ವೈರ್ ಕನೆಕ್ಟರ್‌ನಿಂದ ಜಾರಿತ್ತು. ಯಾರಿಗೂ ಗೊತ್ತಾಗಲಿಲ್ಲ, ಗೊತ್ತಾಗುವುದಾದರೂ ಹೇಗೆ, ವೈರ್ ಬಿಟ್ಟಿದ್ದರೆ ದೀಪ ಪೂರ್ತಿ ಉರಿಯುತ್ತದೆ, ಮಾಮೂಲಿ ದಿನಗಳಲ್ಲಿ ಅದು ಪೂರ್ತಿಯೇ ಉರಿಯಬೇಕು. ಟೆಸ್ಟ್ ಮಾಡಿದಾಗ ಒಂದು ಗುಂಪು ಇಳಿಯಲೇ ಇಲ್ಲ. ಕೇಬಲ್ ಪೂರ್ತಿ ಹೋಗಿದ್ದರೆ ಆರೂ ದೀಪ 900 ವ್ಯಾಟ್‌ನಲ್ಲೇ ಉರಿದು, ಮೂರು ಗಂಟೆಯ ಬ್ಯಾಟರಿ ಒಂದು ಗಂಟೆ ಸ್ವಲ್ಪದಲ್ಲಿ ಖಾಲಿಯಾಗುತ್ತಿತ್ತು. ಅದೂ ನಿಜವಾಗಿ ಬೇಕಾದ ದಿನ.

ಕೆಡುವುದು ಇರಲಿ, ಕೆಟ್ಟದ್ದು ಯಾರ ಕಣ್ಣಿಗೂ ಬೀಳದೆ ತಿಂಗಳುಗಟ್ಟಲೆ ಕೂತಿರುವುದು ನನಗೆ ಹೆದರಿಕೆ. ಹಾಗಾಗಿ ಎಲ್ಲ ತಿರುಗಿಸಿದೆ. 20 ಕಿಲೋಓಮ್ ರೆಸಿಸ್ಟರನ್ನು ದೀಪದ ಒಳಗೇ, ಡಿಮ್ ವೈರ್‌ಗಳಿಗೆ ಶಾಶ್ವತವಾಗಿ ಬೆಸೆದುಬಿಟ್ಟೆ. ಅಂದರೆ ದೀಪದ ಸಹಜ ಸ್ಥಿತಿಯೇ 20 ಶೇಕಡ. ಪೂರ್ತಿ ಉರಿಯಬೇಕಾದರೆ ಕೆಳಗಿನಿಂದ 10 ವೋಲ್ಟ್ ಕಳಿಸಬೇಕು. ಆ 10 ವೋಲ್ಟ್ ಕೊಡುವ ಸಣ್ಣ ಪವರ್ ಸಪ್ಲೈ ಅದೇ ಫೇಸಿನ ಲೈಟಿಂಗ್ ಲೈನಿನ ಮೇಲೆ ಬದುಕಿದೆ. ಲೈನ್ ಹೋದರೆ 10 ವೋಲ್ಟ್ ಹೋಗುತ್ತದೆ, ದೀಪ ತಾನೇ 20 ಶೇಕಡಕ್ಕೆ ಬರುತ್ತದೆ. ರಿಲೇ ಇಲ್ಲ, ಪ್ರೋಗ್ರಾಮ್ ಇಲ್ಲ. ಮತ್ತೆ ಡಿಮ್ ವೈರ್ ಎಲ್ಲಾದರೂ ತುಂಡಾದರೆ ಆ ದೀಪ ಹಗಲು ಹೊತ್ತಿನಲ್ಲೇ ಮಂಕಾಗಿ ನಿಲ್ಲುತ್ತದೆ. “ಅಣ್ಣಾ, ಆ ಕಡೇ ದೀಪ ಯಾಕೆ ಮಂಕು?” ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಅದಕ್ಕಿಂತ ಒಳ್ಳೆಯ ಅಲಾರಂ ಬೇಡ.

ಬುದ್ಧಿವಂತಿಕೆಯ ಕೆಲಸ ಅಂದುಕೊಂಡು ಸ್ವಿಚ್ ಎಳೆದೆ. ದೀಪ ಆರಿಯೇ ಹೋಯಿತು.

ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ಮೀಟರ್ ಇಟ್ಟೆ. ಡಿಮ್ ಲೈನ್‌ನಲ್ಲಿ 0.36 ವೋಲ್ಟ್. ಎಲ್ಲಿಂದ ಬಂತು ಇದು? ನನ್ನ 10 ವೋಲ್ಟ್ ಸಪ್ಲೈ ಆಫ್ ಆದಾಗ ಅದರ ಔಟ್‌ಪುಟ್‌ಗೆ ಅಡ್ಡಲಾಗಿ ಉಳಿದ ಚಾರ್ಜ್ ಇಳಿಸುವ 2.2 ಕಿಲೋಓಮ್ ಬ್ಲೀಡರ್ ರೆಸಿಸ್ಟರ್ ಹಾಗೇ ಉಳಿದಿರುತ್ತದೆ. ನನ್ನ ಎರಡು 20 ಕಿಲೋಓಮ್ ಜತೆ ಅದೂ ಸೇರಿ 1.8 ಕಿಲೋಓಮ್ ಆಯಿತು, ಎರಡು ಡ್ರೈವರ್‌ನ 0.2 ಮಿಲಿಆಂಪಿಯರ್ ಅದರ ಮೇಲೆ ಬಿದ್ದರೆ 0.36 ವೋಲ್ಟ್. ಈ ಡ್ರೈವರ್ 1 ವೋಲ್ಟ್‌ಗಿಂತ ಕೆಳಗೆ ಹೋದರೆ ದೀಪವನ್ನೇ ಆರಿಸಿಬಿಡುತ್ತದೆ. ಅಂದರೆ ಕರೆಂಟ್ ಹೋದಾಗ ಎಮರ್ಜೆನ್ಸಿ ದೀಪ ಆರಿಸುವ ಯಂತ್ರವನ್ನು ನಾನು ಕಟ್ಟಿದ್ದೆ.

ಕರೆಂಟನ್ನು ಒಂದೇ ಕಡೆಗೆ ಬಿಡುವ ಒಂದು ಡಯೋಡ್ ಸಾಕು. 10 ವೋಲ್ಟ್ ಒಳಗೆ ಬರಲಿ, ವಾಪಸ್ ಎಳೆಯುವುದು ಬೇಡ. ಸಪ್ಲೈ ಪಕ್ಕದಲ್ಲೇ ಒಂದು ಹಾಕಿ ನೋಡಿದೆ, ಸರಿಹೋಯಿತು. ಆಮೇಲೆ ಸುಮ್ನೆ ಕುತೂಹಲಕ್ಕೆ ಸ್ಕ್ರೂಡ್ರೈವರ್‌ನಿಂದ ಡಿಮ್ ವೈರ್ ಎರಡನ್ನೂ ನಡುವೆ ಶಾರ್ಟ್ ಮಾಡಿದೆ. ಗುಂಪು ಪೂರ್ತಿ ಆರಿತು. ಇಲಿ ಕಡಿದರೂ, ಕೇಬಲ್ ಜಜ್ಜಿದರೂ ಇದೇ ಗತಿ. ಹಾಗಾಗಿ ಡಯೋಡನ್ನು ಸಪ್ಲೈ ಹತ್ತಿರದಿಂದ ತೆಗೆದು ಪ್ರತಿ ದೀಪದ ಒಳಗೆ, ರೆಸಿಸ್ಟರ್‌ಗಿಂತ ಮುಂಚೆ ಹಾಕಿದೆ. ಈಗ ಕೇಬಲ್ ತುಂಡಾದರೂ 20 ಶೇಕಡ, ಶಾರ್ಟ್ ಆದರೂ 20 ಶೇಕಡ. ಡಯೋಡ್ ಸಾಮಾನ್ಯ 1ಎನ್4148. ಡ್ರಾಪ್ ಕಮ್ಮಿ ಅಂತ ಶಾಟ್ಕಿ ಜಾತಿಯ ಡಯೋಡ್ ಹಾಕಬೇಡಿ, ಬಿಸಿಯಲ್ಲಿ ಅದು ಹಿಂದಕ್ಕೆ ಸೋರುತ್ತದೆ. ನಮ್ಮ ಹತ್ತಿರ ಇರುವುದೇ 100 ಮೈಕ್ರೋಆಂಪಿಯರ್, ಸೋರಲು ಬಿಟ್ಟರೆ ಲೆಕ್ಕ ತಪ್ಪುತ್ತದೆ. ಡಯೋಡ್‌ನಲ್ಲಿ ಕಳೆಯುವ 0.6 ವೋಲ್ಟ್ ಸೇರಿಸಿ ಸಪ್ಲೈಯನ್ನು 10.6ಕ್ಕೆ ಇಟ್ಟೆ. ಇನ್ನೊಂದು ಮಾತು, ಡಿಮ್ ಮೈನಸ್ಸನ್ನು ಎಲ್ಇಡಿ ಮೈನಸ್‌ಗೆ ಸೇರಿಸಬೇಡಿ. ಎರಡೂ ಮೈನಸ್ ಅಲ್ವಾ ಅನ್ನಿಸುತ್ತದೆ, ಆದರೆ ಒಳಗೆ ಅವು ಬೇರೆ ಬೇರೆ.

ಮುಂದಿನದು, ಕರೆಂಟ್ ಹೋಗಿದೆ ಅಂತ ಹೇಗೆ ತಿಳಿಯುವುದು. ಮೊದಲು ಮೇನ್ ಇನ್‌ಕಮರ್, ಅಂದರೆ ಶೆಡ್‌ಗೆ ಕರೆಂಟ್ ಬರುವ ಮುಖ್ಯ ಲೈನ್ ಮೇಲೆ ಸೆನ್ಸಿಂಗ್ ರಿಲೇ ಇಟ್ಟಿದ್ದೆ. ನನ್ನ ಜತೆ ಕೆಲಸ ಮಾಡುವ ಹುಡುಗ ಒಂದು ಲೈಟಿಂಗ್ ಎಂಸಿಬಿ ಕೆಳಗೆ ಎಳೆದು “ಈಗ ಹತ್ತಬೇಕಲ್ವಾ ಸಾರ್?” ಅಂದ. ಹತ್ತಲಿಲ್ಲ. ಮೇನ್ ಇದೆಯಲ್ಲ, ಸಿಸ್ಟಂ ನೆಮ್ಮದಿಯಾಗಿ ಕೂತಿತ್ತು. ಅಡಿಯಲ್ಲಿ ಕೆಲಸ ಮಾಡುವವನಿಗೆ ಊರಿಗೆಲ್ಲ ಕರೆಂಟ್ ಇದ್ದು ತನ್ನ ತಲೆಯ ಮೇಲಿನ ದೀಪ ಆರಿದರೂ ಕತ್ತಲು ಕತ್ತಲೇ. ಹಾಗಾಗಿ ಸೆನ್ಸಿಂಗ್ ಈಗ ಪ್ರತಿ ಫೇಸಿನ ಲೈಟಿಂಗ್ ಎಂಸಿಬಿಯ ನಂತರ, ಆದರೆ ಗೋಡೆ ಸ್ವಿಚ್‌ಗಿಂತ ಮುಂಚೆ. ಸ್ವಿಚ್ ನಂತರ ಇಟ್ಟರೆ ಯಾರಾದರೂ ಹಗಲಿನಲ್ಲಿ ಲೈಟ್ ಆರಿಸಿದರೂ ಬ್ಯಾಟರಿ ಎದ್ದು ನಿಲ್ಲುತ್ತದೆ. ಇನ್ವರ್ಟರ್ ಲೈನ್ ಮಾತ್ರ ಸ್ವಿಚ್ ದಾಟಿ ನೇರ ದೀಪಕ್ಕೆ ಹೋಗುತ್ತದೆ.

ವೋಲ್ಟೇಜ್ ಎಷ್ಟಕ್ಕೆ ಇಳಿದರೆ ‘ಹೋಯಿತು’ ಅನ್ನಬೇಕು? ಎಮರ್ಜೆನ್ಸಿ ದೀಪಗಳ ಅಂತರರಾಷ್ಟ್ರೀಯ ಮಾನದಂಡ ಐಇಸಿ 60598-2-22 ಪ್ರಕಾರ ಮಾಮೂಲಿ ವೋಲ್ಟೇಜಿನ 85 ಶೇಕಡಕ್ಕಿಂತ ಮೇಲಿರುವಾಗ ಬ್ಯಾಟರಿಗೆ ಬದಲಾಗಬಾರದು, 60ಕ್ಕೆ ಇಳಿಯುವುದರೊಳಗೆ ಬದಲಾಗಿರಬೇಕು. ನಾನು 75ಕ್ಕೆ ಇಟ್ಟೆ. ದೊಡ್ಡ ಮೋಟಾರ್ ಶುರುವಾದಾಗ ಆಗುವ ಸಣ್ಣ ಕುಸಿತಕ್ಕೆ ಅದು ಅಲುಗಾಡುವುದಿಲ್ಲ. ಕರೆಂಟ್ ವಾಪಸ್ ಬಂದಾಗ ಮಾತ್ರ 60 ಸೆಕೆಂಡ್ ಕಾದು ನೋಡಿ ಬದಲಾಗುತ್ತದೆ, ಬಂದು ಹೋಗಿ ಆಟ ಆಡುವುದು ಇದ್ದದ್ದೇ.

ಗುಂಪಿಗೆ ಒಂದು ಜೋಡಿ ಕಾಂಟ್ಯಾಕ್ಟರ್ (ದೊಡ್ಡ ಕರೆಂಟಿಗೆ ಬಳಸುವ ರಿಲೇ). ಒಂದು ಮೇನ್ಸ್‌ಗೆ, ಒಂದು ಇನ್ವರ್ಟರ್‌ಗೆ, ನಡುವೆ ಮೆಕ್ಯಾನಿಕಲ್ ಇಂಟರ್‌ಲಾಕ್, ಎರಡೂ ಒಟ್ಟಿಗೆ ಹಿಡಿಯಲು ಸಾಧ್ಯವೇ ಇಲ್ಲ. ಇದರಲ್ಲಿ ರಾಜಿ ಇಲ್ಲ. ಇನ್ವರ್ಟರ್ ಕರೆಂಟ್ ಉಲ್ಟಾ ಲೈನಿಗೆ ಹೋದರೆ ಲೈನ್ ಸತ್ತಿದೆ ಅಂದುಕೊಂಡು ಕೆಲಸ ಮಾಡುವವನ ಜೀವ ಹೋಗುತ್ತದೆ. ಮೇನ್ಸ್ ಕಾಂಟ್ಯಾಕ್ಟರ್ ಕಾಯಿಲ್ ಮೇನ್ಸ್ ಇದ್ದಾಗ ಮಾತ್ರ ಹಿಡಿದಿರುತ್ತದೆ. ಕಾಯಿಲ್ ಸುಟ್ಟರೂ, ವೈರ್ ಬಿಟ್ಟರೂ ಅದು ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ, ದೀಪ ಬ್ಯಾಟರಿಯ ಮೇಲೆ ಉರಿಯುತ್ತದೆ.

ಮೊದಲ ಸಲ ಪೂರ್ತಿ ಟೆಸ್ಟ್. ಮೂರೂ ಗುಂಪು ಒಟ್ಟಿಗೆ ಬದಲಾದವು, 1500 ವಿಎ ಇನ್ವರ್ಟರ್ ಓವರ್‌ಲೋಡ್ ಅಂತ ಕೂಗಿ ಬಿದ್ದುಕೊಂಡಿತು. ಲೋಡ್ 216 ವ್ಯಾಟ್! ತಪ್ಪು ಇನ್ವರ್ಟರ್‌ದಲ್ಲ. ಡ್ರೈವರ್ ಒಳಗೆ ದೊಡ್ಡ ಕೆಪಾಸಿಟರ್ ಇದೆ, ಖಾಲಿ ಕೆಪಾಸಿಟರ್‌ಗೆ ಮೊದಲ ಕ್ಷಣ ಹತ್ತಾರು ಆಂಪಿಯರ್ ನುಗ್ಗುತ್ತದೆ, ಒಂದು ಮಿಲಿಸೆಕೆಂಡ್ ಕೂಡ ಇರುವುದಿಲ್ಲ, ಆದರೆ ಆರು ಒಟ್ಟಿಗೆ ನುಗ್ಗಿದರೆ ಇನ್ವರ್ಟರಿನ ರಕ್ಷಣೆ ಅದನ್ನು ಶಾರ್ಟ್ ಅಂದುಕೊಳ್ಳುತ್ತದೆ. ಡಿಮ್ ಮಾಡಿದ್ದರೂ ಈ ನುಗ್ಗು ಕಮ್ಮಿಯಾಗುವುದಿಲ್ಲ, ಅದು ಲೋಡಿನದಲ್ಲ, ಕೆಪಾಸಿಟರಿನದು. ಎನ್‌ಟಿಸಿ (ತಣ್ಣಗಿದ್ದಾಗ ಕರೆಂಟ್ ತಡೆದು, ಬಿಸಿಯಾದ ಮೇಲೆ ಬಿಡುವ ರೆಸಿಸ್ಟರ್) ಹಾಕೋಣ ಅಂದರೆ, ಕರೆಂಟ್ ಹೋಗಿ ತಕ್ಷಣ ಬಂದಾಗ ಅದು ಇನ್ನೂ ಬಿಸಿ ಇರುತ್ತದೆ, ತಡೆಯುವುದಿಲ್ಲ. ಸರಳ ದಾರಿ ಹಿಡಿದೆ: ಟೈಮರ್ ರಿಲೇ. ಮೊದಲ ಗುಂಪು ತಕ್ಷಣ, ಎರಡನೆಯದು 1 ಸೆಕೆಂಡ್ ಬಿಟ್ಟು, ಮೂರನೆಯದು 2 ಸೆಕೆಂಡ್ ಬಿಟ್ಟು. ಎರಡೆರಡು ಡ್ರೈವರನ್ನು ಇನ್ವರ್ಟರ್ ಆರಾಮಾಗಿ ಎತ್ತುತ್ತದೆ.

ಆದರೆ ಡ್ರೈವರ್ ಎದ್ದು ಬೆಳಕು ಕೊಡಲು ತಾನೇ ಅರ್ಧ ಸೆಕೆಂಡಿಗಿಂತ ಜಾಸ್ತಿ ತೆಗೆದುಕೊಳ್ಳುತ್ತದೆ. ಗ್ರೈಂಡರ್ ಮೂಲೆಗೆ ಇದು ಆಗದ ಮಾತು. ಅಲ್ಲಿಗೆ 3 ಮೀಟರ್ ಎತ್ತರದಲ್ಲಿ 20 ವ್ಯಾಟ್‌ನ ಎರಡು ಡಿಸಿ ದೀಪ, ನೇರ ಬ್ಯಾಟರಿಯಿಂದ, ನಡುವೆ ಬರೀ ಒಂದು ಫ್ಯೂಸ್, ಒಂದು ರಿಲೇ. 10ರಿಂದ 30 ವೋಲ್ಟ್‌ವರೆಗೆ ನಡೆಯುವ ಜಾತಿ, ಬ್ಯಾಟರಿ ಏರಿಳಿದರೂ ಬೆಳಕು ಬದಲಾಗುವುದಿಲ್ಲ. ಮೂರು ಫೇಸಿನಲ್ಲಿ ಯಾವುದು ಹೋದರೂ ಇವು ಹತ್ತುತ್ತವೆ. ಕಣ್ಣಿಗೆ ಕತ್ತಲೆ ಗೊತ್ತಾಗುವ ಮೊದಲೇ ಬೆಳಕು ಬಂದಿರುತ್ತದೆ. ಇಡೀ ಕೆಲಸದಲ್ಲಿ ಒಂದೇ ಸಲಕ್ಕೆ ಸರಿಯಾದದ್ದು ಇದೊಂದೇ.

ಅರ್ಥಿಂಗ್ ಬಗ್ಗೆ ಒಂದು ಮಾತು, ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಇನ್ವರ್ಟರ್ ಔಟ್‌ಪುಟ್‌ಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಅರ್ಥ್‌ಗೆ ಸೋರಿದರೆ ಬೀಳುವ ಸ್ವಿಚ್) ಹಾಕಿ ಟೆಸ್ಟ್ ಬಟನ್ ಒತ್ತಿದೆ, ಟಕ್ ಅಂತ ಬಿತ್ತು. ಆಮೇಲೆ ಟೆಸ್ಟರ್‌ನಿಂದ ಫೇಸಿಂದ ಅರ್ಥ್‌ಗೆ ನಿಜವಾದ ಸೋರಿಕೆ ಕೊಟ್ಟೆ. ಬೀಳಲಿಲ್ಲ. ಇನ್ವರ್ಟರಿನ ಎರಡೂ ತುದಿ ಅರ್ಥ್‌ಗೆ ಸಂಬಂಧವಿಲ್ಲದೆ ತೇಲುತ್ತಿದ್ದವು, ಸೋರಿದ ಕರೆಂಟ್‌ಗೆ ವಾಪಸ್ ಹೋಗುವ ದಾರಿಯೇ ಇರಲಿಲ್ಲ. ಟೆಸ್ಟ್ ಬಟನ್ ಅರ್ಥನ್ನು ಮುಟ್ಟುವುದೇ ಇಲ್ಲ, ಒಳಗೊಳಗೇ ಒಂದು ರೆಸಿಸ್ಟರ್ ಮೂಲಕ ಬೀಳಿಸುತ್ತದೆ, ಹಾಗಾಗಿ ಅದು ಬಿದ್ದರೆ ಯಂತ್ರ ಸರಿಯಿದೆ ಅಂತ ಅರ್ಥ, ರಕ್ಷಣೆ ಇದೆ ಅಂತಲ್ಲ. ಇನ್ವರ್ಟರ್ ನ್ಯೂಟ್ರಲ್ ಮತ್ತು ಅರ್ಥನ್ನು ಆರ್‌ಸಿಸಿಬಿಗಿಂತ ಮುಂಚೆ ಒಂದೇ ಜಾಗದಲ್ಲಿ ಸೇರಿಸಿದೆ, ಆಮೇಲೆ ಟೆಸ್ಟರ್‌ಗೂ ಬಿತ್ತು. ಮೇನ್ಸ್ ನ್ಯೂಟ್ರಲ್ ಜತೆ ಇದು ಬೆರೆಯಬಾರದು ಅಂತಲೇ ಕಾಂಟ್ಯಾಕ್ಟರ್‌ನಲ್ಲಿ ಫೇಸ್, ನ್ಯೂಟ್ರಲ್ ಎರಡನ್ನೂ ಬದಲಿಸುತ್ತೇನೆ. ಆದರೆ ಎಲ್ಲ ಇನ್ವರ್ಟರ್‌ಗೂ ಹೀಗೆ ಸೇರಿಸಲು ಬರುವುದಿಲ್ಲ, ಕೆಲವು ಸುಟ್ಟೇ ಹೋಗುತ್ತವೆ. ಕೈಪಿಡಿ ಓದಿ, ಅರ್ಥವಾಗದಿದ್ದರೆ ಲೈಸೆನ್ಸ್ ಇರುವವರನ್ನು ಕರೆಯಿರಿ.

ಇನ್ನು ರಿಮೋಟ್. ಯಾಕೆ ಬೇಕು ಅಂದರೆ, ಜನ ಎಲ್ಲ ಹೊರಗೆ ಬಂದ ಮೇಲೂ ದೀಪ ಮೂರು ಗಂಟೆ ಉರಿದು ಬ್ಯಾಟರಿ ಖಾಲಿಯಾದರೆ, ಕರೆಂಟ್ ಬಂದು ಅರ್ಧ ಗಂಟೆಗೆ ಮತ್ತೆ ಹೋದಾಗ ಕೈಯಲ್ಲಿ ಏನೂ ಇರುವುದಿಲ್ಲ. ಹೊರಗಿನಿಂದ ಆರಿಸಿ ಉಳಿಸುವ ಈ ಸ್ಥಿತಿಗೆ ಅದೇ ಐಇಸಿ ಮಾನದಂಡದಲ್ಲಿ ರೆಸ್ಟ್ ಮೋಡ್ ಅಂತ ಹೆಸರಿದೆ. ಕರೆಂಟ್ ಹೋದ ಮೇಲಷ್ಟೇ ಕೊಡಬಹುದು, ಕರೆಂಟ್ ಬಂದ ಕೂಡಲೇ ತಾನೇ ರದ್ದಾಗಬೇಕು. ಕರೆಂಟ್ ಇರುವಾಗಲೇ ಮುಂಚಿತವಾಗಿ ‘ಹತ್ತಬೇಡ’ ಅಂತ ಹೇಳುವುದಕ್ಕೆ ಇನ್‌ಹಿಬಿಟ್ ಮೋಡ್ ಅನ್ನುತ್ತಾರೆ. ಅದನ್ನು ನಾನು ಕೊಡಲೇ ಇಲ್ಲ. ರಜೆಯ ದಿನ ಒತ್ತಿ ಮರೆತು ಮಾರನೇ ದಿನ ಕೆಲಸ ಶುರುವಾದರೆ?

ಮೊದಲ ರಿಮೋಟ್ ಫೋನಿನಲ್ಲಿತ್ತು. ವೈಫೈ ಇರುವ ಸಣ್ಣ ಬೋರ್ಡ್, ಚಂದದ ಸ್ಕ್ರೀನ್, ಬ್ಯಾಟರಿ ಚಿತ್ರ, ಎಲ್ಲಾ ಇತ್ತು. ಎರಡು ದಿನ ಕೂತು ಮಾಡಿದ್ದೆ. ಟೆಸ್ಟ್‌ಗೆ ಮೇನ್ ಇಳಿಸಿದೆವು, ಫೋನ್ ತೆಗೆದೆ, ಕನೆಕ್ಟ್ ಆಗಲಿಲ್ಲ. ವೈಫೈ ರೂಟರ್ ಕೂಡ ಕರೆಂಟಿನ ಮೇಲೇ ಅಲ್ವಾ ನಡೆಯುವುದು. ಹುಡುಗ ನಕ್ಕ, ನಾನೂ ನಕ್ಕೆ, ಎರಡು ದಿನ ಹೋಯಿತು.

ಎರಡನೆಯದು ವೈರ್. ಗೇಟಿನ ಸೆಕ್ಯುರಿಟಿ ಕ್ಯಾಬಿನ್‌ಗೆ 180 ಮೀಟರ್, ಆರ್‌ಎಸ್-485 (ದೂರಕ್ಕೆ ಡೇಟಾ ಕಳಿಸುವ ವೈರಿಂಗ್ ಪದ್ಧತಿ), ಶೀಲ್ಡ್ ಇರುವ ಟ್ವಿಸ್ಟೆಡ್ ಪೇರ್, ಎರಡೂ ತುದಿಗೆ 120 ಓಮ್, ಮಾತುಕತೆ ಮಾಡ್‌ಬಸ್ ಅನ್ನುವ ಭಾಷೆಯಲ್ಲಿ, ಸೆಕೆಂಡಿಗೆ 9600 ಬಿಟ್ ವೇಗದಲ್ಲಿ. ಆರ್‌ಎಸ್-485 ಕಮ್ಮಿ ವೇಗದಲ್ಲಿ 1200 ಮೀಟರ್‌ವರೆಗೂ ಹೋಗುತ್ತದೆ, 180 ಅದಕ್ಕೆ ಲೆಕ್ಕವೇ ಅಲ್ಲ. ಎರಡು ಕಟ್ಟಡದ ಅರ್ಥ್ ಒಂದೇ ಮಟ್ಟದಲ್ಲಿರುವುದಿಲ್ಲ, ಅದಕ್ಕೆ ಐಸೊಲೇಷನ್ ಇರುವ, ಅಂದರೆ ಎರಡು ಕಡೆಗೂ ನೇರ ವಿದ್ಯುತ್ ಸಂಪರ್ಕ ಇಲ್ಲದ ಟ್ರಾನ್ಸೀವರ್. ಕ್ಯಾಬಿನ್ ಬಾಕ್ಸಿಗೆ ಪವರ್ ಕೂಡ ಅದೇ 24 ವೋಲ್ಟ್ ಬ್ಯಾಟರಿಯಿಂದ, ಐಸೊಲೇಟೆಡ್ ಕನ್ವರ್ಟರ್ ದಾಟಿ ಇನ್ನೊಂದು ಜೋಡಿ ವೈರ್‌ನಲ್ಲಿ. 50 ಮಿಲಿಆಂಪಿಯರ್ ಅಷ್ಟೇ ಬೇಕು, ಅಷ್ಟು ದೂರಕ್ಕೆ ಅರ್ಧ ವೋಲ್ಟ್ ಕೂಡ ಬೀಳುವುದಿಲ್ಲ. ಬಾಕ್ಸಿನ ಮೇಲೆ ಮೂರು ಬಟನ್: ಆರಿಸು, ಮತ್ತೆ ಹತ್ತಿಸು, ಟೆಸ್ಟ್. ಸ್ಕ್ರೀನ್ ಇಲ್ಲ, ನಾಲ್ಕು ಬಣ್ಣದ ಸಣ್ಣ ದೀಪ. ಕೈಗವಸು ಹಾಕಿಕೊಂಡೂ ಒತ್ತಬಹುದು.

ಆರಿಸುವ ರಿಲೇಗೆ ಕರೆಂಟ್ ಕೊಟ್ಟರೆ ಮಾತ್ರ ದೀಪ ಆರುತ್ತದೆ, ಕೊಡದಿದ್ದರೆ ಉರಿಯುತ್ತದೆ. ಆದರೆ ಆ ರಿಲೇ ನಡೆಸುವ ಮೈಕ್ರೋಕಂಟ್ರೋಲರ್ (ಬೋರ್ಡಿನ ಪುಟ್ಟ ಕಂಪ್ಯೂಟರ್) ಹುಚ್ಚೆದ್ದು ಅದರ ಪಿನ್ ಆನ್ ಆಗಿಯೇ ನಿಂತುಬಿಟ್ಟರೆ? ಆಗಲ್ಲ ಅಂತ ಹೇಳಲು ಬರುವುದಿಲ್ಲ. ಹಾಗಾಗಿ ಪಿನ್‌ನಿಂದ ನೇರ ಅಲ್ಲ, ನಡುವೆ ಒಂದು ಕೆಪಾಸಿಟರ್, ಎರಡು ಡಯೋಡ್. ಪ್ರೋಗ್ರಾಮ್ ಕೆಲವು ಮಿಲಿಸೆಕೆಂಡಿಗೊಮ್ಮೆ ಪಿನ್ ಆನ್ ಆಫ್ ಮಾಡುತ್ತಲೇ ಇದ್ದರೆ ಮಾತ್ರ ರಿಲೇ ಹಿಡಿಯುತ್ತದೆ. ಪಿನ್ ಆನ್ ಆಗಿ ನಿಂತರೂ, ಆಫ್ ಆಗಿ ನಿಂತರೂ ರಿಲೇ ಬಿಟ್ಟು ದೀಪ ಹತ್ತುತ್ತದೆ. ಗೇಟಿನ ಬಾಕ್ಸ್ 6 ಸೆಕೆಂಡ್ ಮಾತಾಡದಿದ್ದರೂ ಅಷ್ಟೇ, ವೈರ್ ತುಂಡಾಗಿದೆ ಅಂತ ತಿಳಿದು ದೀಪ ಹತ್ತಿಸುತ್ತದೆ. ರಾತ್ರಿಯೆಲ್ಲ ಉರಿದು ಬ್ಯಾಟರಿ ಖಾಲಿಯಾಗಬಹುದು. ಆಗಲಿ.

ಒಂದು ಕಾಟ ವಾರ ಪೂರ್ತಿ ಕಾಡಿತು. ಕಾಂಟ್ಯಾಕ್ಟರ್ ಬಿಟ್ಟಾಗಲೆಲ್ಲ, ಅಂದರೆ ಪ್ರತಿ ಸಲ ಅಲ್ಲ, ಐದಾರು ಸಲಕ್ಕೊಮ್ಮೆ ಬೋರ್ಡ್ ರೀಸ್ಟಾರ್ಟ್ ಆಗುತ್ತಿತ್ತು. ಪ್ರೋಗ್ರಾಮ್‌ನಲ್ಲಿ ಹುಡುಕಿದೆ, ಪವರ್ ಸಪ್ಲೈ ಬದಲಿಸಿದೆ, ಏನೂ ಪ್ರಯೋಜನವಿಲ್ಲ. ಕೊನೆಗೆ ನೋಡಿದರೆ ಕಾಯಿಲ್ ಬಿಡುವಾಗ ಎಗರುವ ವೋಲ್ಟೇಜ್. ಪಕ್ಕದಲ್ಲೇ ಸಿಗ್ನಲ್ ವೈರ್‌ಗಳನ್ನು ಒಂದೇ ಡಕ್ಟ್‌ನಲ್ಲಿ ಓಡಿಸಿದ್ದೆ, ನನ್ನದೇ ಸೋಮಾರಿತನ. ಎಸಿ ಕಾಯಿಲ್‌ಗಳಿಗೆ 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್‌ನ ಸ್ನಬ್ಬರ್ (ಹಾಗೆ ಎಗರುವ ವೋಲ್ಟೇಜ್ ಹೀರುವ ಜೋಡಿ), ಡಿಸಿ ರಿಲೇಗಳಿಗೆ ಉಲ್ಟಾ ಡಯೋಡ್, ಸಿಗ್ನಲ್ ವೈರ್ ಬೇರೆ ಡಕ್ಟ್‌ಗೆ. ನಿಂತಿತು.

ರಾತ್ರಿ ಲಕ್ಸ್ ಮೀಟರ್ ಹಿಡಿದು ನೆಲದ ಮೇಲೆ ಓಡಾಡಿದೆವು. ತೆರೆದ ಜಾಗದಲ್ಲಿ 4ರಿಂದ 20 ಲಕ್ಸ್, ಚೆನ್ನಾಗಿತ್ತು. ಗ್ರೈಂಡರ್ ಎದುರು 60. ಆದರೆ ಎರಡು ರ‍್ಯಾಕ್ ನಡುವಿನ ಓಣಿಯಲ್ಲಿ 0.3. ಮೇಲಿನಿಂದ ಬರುವ ಬೆಳಕನ್ನು ಸಾಮಾನು ತಡೆಯುತ್ತದೆ ಅನ್ನುವುದು ಡ್ರಾಯಿಂಗ್‌ನಲ್ಲಿ ಕಾಣುವುದಿಲ್ಲ. ಆರರಲ್ಲಿ ಒಂದನ್ನು ಬಿಟ್ಟು, ಅದೇ ಫೇಸಿನ, ಓಣಿಯ ನೇರ ಮೇಲಿರುವ ದೀಪವನ್ನು ತೆಗೆದುಕೊಂಡೆವು. 2.5 ಬಂತು.

ಮೂರು ಗಂಟೆಯ ಪೂರ್ತಿ ಟೆಸ್ಟ್‌ನಲ್ಲಿ ಗೊತ್ತಾದದ್ದು, ಬ್ಯಾಟರಿ ಎಷ್ಟಿದೆ ಅಂತ ವೋಲ್ಟೇಜ್ ನೋಡಿ ಹೇಳಬಾರದು. ಈ ಜಾತಿಯ ಸೆಲ್ ಹೆಚ್ಚು ಕಮ್ಮಿ ಒಂದೇ ವೋಲ್ಟೇಜಿನಲ್ಲಿ ಕೂತಿರುತ್ತದೆ. ಶುರುವಿನಲ್ಲಿ 26.3, ಎರಡು ಗಂಟೆ ಆದ ಮೇಲೂ 26ರ ಹತ್ತಿರ, ಗೇಟಿನ ಹಸಿರು ದೀಪ ಫುಲ್ ಅಂತಲೇ ಹೇಳುತ್ತಿತ್ತು. ಶಂಟ್ (ಕರೆಂಟ್ ಅಳೆಯುವ ಸಣ್ಣ ರೆಸಿಸ್ಟರ್) ಹಾಕಿ, ಹೊರಗೆ ಹೋದ ಆಂಪಿಯರ್-ಅವರ್ ಎಣಿಸುವ ಹಾಗೆ ಮಾಡಿದೆ. ಮುಂದಿನ ಟೆಸ್ಟ್‌ನಲ್ಲಿ ಮೂರು ಗಂಟೆಗೆ 33 ಹೋಗಿತ್ತು, 50ರಲ್ಲಿ. ತಿಂಗಳಿಗೊಮ್ಮೆ 30 ಸೆಕೆಂಡಿನ ಟೆಸ್ಟ್, ವರ್ಷಕ್ಕೊಮ್ಮೆ ಪೂರ್ತಿ. ಪೂರ್ತಿ ಟೆಸ್ಟ್ ರಜೆಯ ಹಿಂದಿನ ಸಂಜೆ ಮಾಡುತ್ತೇವೆ, ಮತ್ತೆ ಚಾರ್ಜ್ ಆಗುವಷ್ಟರಲ್ಲಿ ಶೆಡ್‌ನಲ್ಲಿ ಯಾರೂ ಇರುವುದಿಲ್ಲ.

ನಿಜವಾಗಿ ಕರೆಂಟ್ ಹೋದದ್ದು ಮೂರು ವಾರದ ನಂತರ, ಸಂಜೆ ಪಾಳಿಯಲ್ಲಿ. ಡಿಸಿ ದೀಪ ತಕ್ಷಣ, ಹೈಬೇ ಎರಡೆರಡಾಗಿ, ಎಲ್ಲ ಅಂದುಕೊಂಡ ಹಾಗೇ. ಜನ ಹೊರಗೆ ಬಂದರು. ಗೇಟಿನಲ್ಲಿದ್ದವರು ಇಪ್ಪತ್ತು ನಿಮಿಷ ಕಾದು ‘ಆರಿಸು’ ಒತ್ತಿದರು. ಒಳಗೆ ಹಿಂದಿನ ಸ್ಟೋರ್‌ನಲ್ಲಿ ಒಬ್ಬ ಇನ್ನೂ ಬಾಕ್ಸ್ ಎಣಿಸುತ್ತಿದ್ದ.

ಶೆಡ್ ಬಾಗಿಲ ಪಕ್ಕದಲ್ಲಿ ನಾನು ಒಂದು ಕೆಂಪು ಮಶ್ರೂಮ್ ಬಟನ್ ಇಟ್ಟಿದ್ದೆ, ಒತ್ತಿದರೆ ಆರಿಸುವ ರಿಲೇಗೆ ಹೋಗುವ ಕರೆಂಟೇ ಕಡಿದು ದೀಪ ಹತ್ತುತ್ತದೆ. ಅವನು ಗೋಡೆ ಸವರಿಕೊಂಡು ಬಂದು ಅದನ್ನೇ ಒತ್ತಿದ. ಬೈಯಲಿಲ್ಲ ಪಾಪ, “ಆ ಬಟನ್ ಕತ್ತಲಲ್ಲಿ ಕಾಣಲ್ಲ ಸಾರ್” ಅಂದ ಅಷ್ಟೆ.

ಈಗ ಎರಡೂ ಬಾಗಿಲಿಗೆ ಮತ್ತು ಸ್ಟೋರ್ ಒಳಗೆ ಬಟನ್ ಇದೆ, ಪ್ರತಿಯೊಂದರ ಸುತ್ತ ಒಂದು ಸಣ್ಣ ಎಲ್ಇಡಿ ಬ್ಯಾಟರಿಯಿಂದ ಸದಾ ಉರಿಯುತ್ತದೆ. ಗೇಟಿನಲ್ಲಿ ‘ಆರಿಸು’ ಒತ್ತಿದರೆ ತಕ್ಷಣ ಆರುವುದಿಲ್ಲ. ಮೆಷಿನ್ ಮೂಲೆಯ ಡಿಸಿ ದೀಪ ಮತ್ತು ಸ್ಟೋರ್‌ಗೆ ಹೊಸದಾಗಿ ಹಾಕಿದ ಅಂಥದ್ದೇ ಇನ್ನೊಂದು ದೀಪ ಮೂರು ಸಲ ಮಿಟುಕುತ್ತವೆ, ಆಮೇಲೆ 60 ಸೆಕೆಂಡ್ ಕಾಯುತ್ತದೆ, ಅಷ್ಟರಲ್ಲಿ ಒಳಗಿನಿಂದ ಯಾರಾದರೂ ಯಾವುದೇ ಬಟನ್ ಒತ್ತಿದರೆ ಆದೇಶ ರದ್ದು, ಗೇಟಿನ ಬಾಕ್ಸ್ ಮೇಲೆ ಕೆಂಪು ದೀಪ. ಸ್ಟೋರ್ ದೀಪಕ್ಕೆ ಬ್ಯಾಟರಿ ಲೆಕ್ಕದಲ್ಲಿ ಇನ್ನೂ 20 ವ್ಯಾಟ್ ಸೇರಿತು, ಮೂರು ಗಂಟೆಗೆ 915 ಆಯಿತು. 920ರ ಹತ್ತಿರ ಅಂದಿದ್ದೆನಲ್ಲ, ಅಂಚಿಗೆ ಬಂದು ನಿಂತಿದೆ. ಹೈಬೇಗಳ 20 ಕಿಲೋಓಮ್ ತೆಗೆದು 18 ಹಾಕಿ ಸ್ವಲ್ಪ ಇಳಿಸಬೇಕು, ಆಮೇಲೆ ಆ ರ‍್ಯಾಕ್ ಓಣಿಯಲ್ಲಿ ಮತ್ತೆ ಲಕ್ಸ್ ಅಳೆಯಬೇಕು. ಸಿಸರ್ ಲಿಫ್ಟ್ ಮುಂದಿನ ವಾರ ಬರುತ್ತದೆ.